ಖಾಲಿ ಸ್ಥಾನಗಳು ಎಲ್ಲಿಗೆ ಹೋದವು?

ವೇಗದ ಇಲೆಕ್ಟ್ರಾನೊಂದು ಸಿಲಿಕಾನ್ ಹರಳಿನ ಪರಮಾಣುವಿಗೆ ಸುಮಾರು 20ರಿಂದ 25 ಇಲೆಕ್ಟ್ರಾನ್‌ವೋಲ್ಟಿನಷ್ಟು ಶಕ್ತಿಯನ್ನು ದಾಟಿಸಿದರೆ ಆ ಪರಮಾಣು ತನ್ನ ನೆಲೆಯಿಂದ ಕಿತ್ತು ಬಂದು ಪರಮಾಣುಗಳ ಕ್ರಮಬದ್ಧ ಜೋಡಣೆಯಾದ ಜಾಲಕದ ನಡುವಿನ ಎಡೆಯಲ್ಲಿ ಸಿಲುಕುತ್ತದೆ. ಅದರ ಹಿಂದೆ ಒಂದು ಖಾಲಿ ಸ್ಥಾನ ಉಳಿಯುತ್ತದೆ. ಮಂಗಳೂರು ವಿಶ್ವವಿದ್ಯಾಲಯದ ಆವರಣವಾದ ಮಂಗಳಗಂಗೋತ್ರಿಯ ಮೈಕ್ರೋಟ್ರಾನ್ (ಇಲೆಕ್ಟ್ರಾನ್‌ಗಳ ವೇಗ ಹೆಚ್ಚಿಸುವ ಯಂತ್ರ) ಕೊಡುವ 8 ದಶಲಕ್ಷ ಇಲೆಕ್ಟ್ರಾನ್‌ವೋಲ್ಟಿನ ಕಿರಣಪುಂಜಕ್ಕೆ ಇದು ಕಷ್ಟದ ಕೆಲಸವಲ್ಲ. ಆದರೆ ಕಿರಣಕ್ಕೊಡ್ಡಿದ ಡಯೋಡನ್ನು ಕೋಣೆಯ ತಾಪಮಾನದಲ್ಲಿ ಅಳೆಯಲು ಕುಳಿತಾಗ, ಪಠ್ಯಪುಸ್ತಕದ ಚಿತ್ರದಲ್ಲಿ ಕಾಣುವ ಈ ಎರಡು ದೋಷಗಳಲ್ಲಿ ಯಾವುದೂ ಆ ರೂಪದಲ್ಲಿ ಉಳಿದಿರುವುದಿಲ್ಲ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ವಾಟ್ಕಿನ್ಸ್ ಮತ್ತು ಕಾರ್ಬೆಟ್ 1950ರ ದಶಕದ ಕೊನೆಯಿಂದ ಇಲೆಕ್ಟ್ರಾನ್ ಸ್ಪಿನ್ ಅನುರಣನದ (ಜೋಡಿಯಿಲ್ಲದ ಇಲೆಕ್ಟ್ರಾನ್‌ಗಳನ್ನು ಕಾಂತಕ್ಷೇತ್ರದಲ್ಲಿ ಗುರುತಿಸುವ ವಿಧಾನದ) ಮೂಲಕ ಇದನ್ನು ಬಿಡಿಸಿಟ್ಟರು. ಅಲ್ಯೂಮಿನಿಯಂ ಬೆರೆತ ಸಿಲಿಕಾನನ್ನು ದ್ರವ ಹೀಲಿಯಂನ ಶೀತದಲ್ಲಿಯೇ ಕಿರಣಕ್ಕೊಡ್ಡಿದಾಗ ವಾಟ್ಕಿನ್ಸ್‌ಗೆ ಖಾಲಿ ಸ್ಥಾನಗಳು ಕಂಡವು, ಕಿತ್ತುಬಂದ ಸಿಲಿಕಾನ್ ಪರಮಾಣುಗಳು ಕಾಣಲಿಲ್ಲ. ಅವು ಅಷ್ಟರಲ್ಲೇ ಅಲೆದು ಅಲ್ಯೂಮಿನಿಯಂ ಪರಮಾಣುಗಳನ್ನು ಅವುಗಳ ನೆಲೆಯಿಂದ ಹೊರದಬ್ಬಿದ್ದವು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸಿದ ಫಲಿತಾಂಶ ಇದೇ.

ಖಾಲಿ ಸ್ಥಾನವೂ ಕೋಣೆಯ ತಾಪಮಾನಕ್ಕಿಂತ ಬಹಳ ಕೆಳಗೇ ಅಲೆಯತೊಡಗುತ್ತದೆ. ಆಮ್ಲಜನಕ ಸಿಕ್ಕರೆ ಎ-ಕೇಂದ್ರ, ಫಾಸ್ಫರಸ್ ಸಿಕ್ಕರೆ ಇ-ಕೇಂದ್ರ ರೂಪುಗೊಳ್ಳುತ್ತದೆ. ಎರಡು ಖಾಲಿ ಸ್ಥಾನಗಳು ಸೇರಿದರೆ ಜೋಡಿದೋಷವಾಗುತ್ತದೆ.

ಬೆಲ್ ಪ್ರಯೋಗಾಲಯದ ಲ್ಯಾಂಗ್ 1974ರಲ್ಲಿ ಪ್ರಕಟಿಸಿದ, ದೋಷಗಳ ಶಕ್ತಿಮಟ್ಟವನ್ನು ಅಳೆಯುವ ಡಿಎಲ್‌ಟಿಎಸ್ ವಿಧಾನದಲ್ಲಿ, ವೋಲ್ಟೇಜಿನ ಸ್ಪಂದವೊಂದರಿಂದ ದೋಷಗಳೊಳಗೆ ಇಲೆಕ್ಟ್ರಾನ್‌ಗಳನ್ನು ತುಂಬಿ, ಅವು ಹೊರಬೀಳುವಾಗ ಡಯೋಡಿನ ಧಾರಕತೆ ಬದಲಾಗುವ ವೇಗವನ್ನು ಬೇರೆಬೇರೆ ತಾಪಮಾನಗಳಲ್ಲಿ ನೋಡುತ್ತೇವೆ. ದೋಷಗಳು ಅಳತೆಯ ರೇಖೆಯಲ್ಲಿ ಶೃಂಗಗಳಾಗಿ ಕಾಣುತ್ತವೆ. ಎ-ಕೇಂದ್ರದ ಶೃಂಗ ಸ್ಪಷ್ಟವಾಗಿ ಬೇರೆಯೇ ನಿಲ್ಲುತ್ತದೆ. ತೊಡಕಿರುವುದು ಇ-ಕೇಂದ್ರ ಮತ್ತು ಜೋಡಿದೋಷಗಳಲ್ಲಿ: ಇವೆರಡರ ಮಟ್ಟಗಳೂ ವಾಹಕ ಪಟ್ಟಿಗಿಂತ (ಇಲೆಕ್ಟ್ರಾನ್‌ಗಳು ಮುಕ್ತವಾಗಿ ಹರಿಯಬಲ್ಲ ಶಕ್ತಿವಲಯಕ್ಕಿಂತ) 0.4 ಇಲೆಕ್ಟ್ರಾನ್‌ವೋಲ್ಟಿಗೆ ತುಸು ಹೆಚ್ಚು ಕೆಳಗಿದ್ದು, ಶೃಂಗಗಳು ಒಂದರ ಮೇಲೊಂದು ಬೀಳುತ್ತವೆ. ಮಾದರಿಯನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಇ-ಕೇಂದ್ರ ಒಡೆದುಹೋಗುತ್ತದೆ, ಜೋಡಿದೋಷ ಉಳಿಯುತ್ತದೆ. ಈ ಪರೀಕ್ಷೆಯಿಲ್ಲದೆ ಶಕ್ತಿಮಟ್ಟವೊಂದನ್ನೇ ನೋಡಿ ದೋಷಕ್ಕೆ ಹೆಸರಿಡುವುದನ್ನು ನಾನು ಒಪ್ಪುವುದಿಲ್ಲ.

ಕಿರಣದ ಪ್ರಮಾಣವೊಂದನ್ನೇ ಬರೆದಿಟ್ಟರೂ ಸಾಲದು, ಹರಳನ್ನು ಹೇಗೆ ಬೆಳೆಸಿದ್ದೆಂಬುದೂ ಬೇಕು: ಯಾವ ದೋಷ ರೂಪುಗೊಳ್ಳುತ್ತದೆ ಎಂಬುದು ಅದರಲ್ಲಿರುವ ಆಮ್ಲಜನಕವನ್ನೂ ಅವಲಂಬಿಸಿದೆ. ಸ್ಫಟಿಕಶಿಲೆಯ ಮೂಸೆಯಿಂದ ಎಳೆದ ಹರಳಿಗೆ ಮೂಸೆಯ ಗೋಡೆಯಿಂದಲೇ ಆಮ್ಲಜನಕ ಸೇರುತ್ತದೆ. ಮೂಸೆಯಿಲ್ಲದೆ ತೇಲುವಲಯ ವಿಧಾನದಲ್ಲಿ ಬೆಳೆಸಿದ ಹರಳಿನಲ್ಲಿ ಅದು ಬಹಳ ಕಡಿಮೆ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಆರ್‌ಡಿ48 ತಂಡ ಕಣಶೋಧಕಗಳ ಸಿಲಿಕಾನಿಗೆ ಬೇಕೆಂದೇ ಆಮ್ಲಜನಕವನ್ನು ಸೇರಿಸಿದಾಗ ಪ್ರೋಟಾನ್ ಮತ್ತು ಪಯಾನ್‌ಗಳೆದುರು ಅದರ ತಾಳಿಕೆ ಹೆಚ್ಚಿತು. ನ್ಯೂಟ್ರಾನ್‌ಗಳೆದುರು ಅಷ್ಟು ಲಾಭವಾಗಲಿಲ್ಲ, ಏಕೆಂದರೆ ಅಲ್ಲಿ ದೋಷಗಳು ಬಿಡಿಬಿಡಿಯಾಗಿರದೆ ಹೆಚ್ಚಾಗಿ ಒಂದೇ ಕಡೆ ದಟ್ಟವಾದ ಗುಂಪಾಗಿ ಹುಟ್ಟುತ್ತವೆ.