ಮ್ಯಾಂಡೆಲ್‌ಬ್ರಾಟ್ ಮೇಲಿನ ಕಪ್ಪು ಚುಕ್ಕೆಗಳು

ನಾನೇ ಬರೆಯುತ್ತಿರುವ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಲೆಕ್ಕ ಕೆಡಿಸುತ್ತಿದ್ದ ಕಳ್ಳ ಸಿಕ್ಕಿಬಿದ್ದ. ಶೆಡ್ಯೂಲರ್, ಪೇಜಿಂಗ್, ಸಿಸ್ಟಮ್ ಕಾಲ್ ಎಂಬ ಅದರ ಭಾಗಗಳ ಕಥೆ ಹೋದ ಸಲವೇ ಆಯ್ತು, ಮತ್ತೆ ಕೊರೆಯಲ್ಲ. ಈಗ ನನ್ನ ಪುಟ್ಟ ಕರ್ನಲ್ ಮೇಲೆ ಎರಡು ಪ್ರೋಸೆಸ್ (ಚಾಲೂ ಇರುವ ಪ್ರೋಗ್ರಾಂ) ಓಡುತ್ತವೆ. ಒಂದು ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತದ ಚಿತ್ರ ಬಿಡಿಸುತ್ತದೆ, ಇನ್ನೊಂದು ಪೈ ಲೆಕ್ಕ ಹಾಕುತ್ತದೆ. ಕ್ಯೂಎಮು ಎಂಬ ಕಂಪ್ಯೂಟರ್ ಅನುಕರಣೆಯಲ್ಲಿ ಡಿಬಗ್ ಬಿಲ್ಡ್ ಓಡಿಸಿದರೆ ಚಿತ್ರ ಚೊಕ್ಕ. ಹಳೇ ಮಿನಿ ಪಿಸಿ ಮೇಲೆ ಓ2 ಬಿಲ್ಡ್ (ವೇಗಕ್ಕಾಗಿ ಕಂಪೈಲರ್ ತಿದ್ದಿದ ಕೋಡ್) ಹಾಕಿದರೆ ಬಣ್ಣ ಇರಬೇಕಾದ ಕಡೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕೆ.

ಅನುಮಾನ ಮೊದಲು ಬಿದ್ದದ್ದು ಲೇಜಿ ಸ್ವಿಚಿಂಗ್ ಮೇಲೆ, ಅಂದರೆ ರಿಜಿಸ್ಟರ್‌ಗಳನ್ನು (ಸಿಪಿಯು ಒಳಗಿನ ಪುಟ್ಟ ಡಬ್ಬಿಗಳು) ಬೇಕಾದಾಗಷ್ಟೇ ಬದಲಿಸುವ ಉಪಾಯದ ಮೇಲೆ. ಪ್ರೋಸೆಸ್ ಬದಲಾದಾಗ ಎಫ್‌ಪಿಯು (ದಶಮಾಂಶ ಲೆಕ್ಕದ ಘಟಕ) ಮುಟ್ಟದೆ ಸಿಆರ್0 ಎಂಬ ನಿಯಂತ್ರಣ ರಿಜಿಸ್ಟರ್‌ನ ಟಿಎಸ್ ಬಿಟ್ ಮಾತ್ರ ಸೆಟ್ ಮಾಡುತ್ತಿದ್ದೆ. ಹೊಸ ಪ್ರೋಸೆಸ್ ಎಸ್‌ಎಸ್‌ಇ (ಇಂಥ ಲೆಕ್ಕದ ಇನ್‌ಸ್ಟ್ರಕ್ಷನ್‌ಗಳು) ಮುಟ್ಟಿದ ತಕ್ಷಣ 7ನೇ ಎಕ್ಸೆಪ್ಷನ್, ಅಂದರೆ ಸಿಪಿಯು ಅದನ್ನು ತಡೆದು ಕರ್ನಲ್ ಕರೆಯುತ್ತದೆ. ಹಳೇ ಪ್ರೋಸೆಸ್‌ನ ರಿಜಿಸ್ಟರ್‌ಗಳನ್ನು ಮೆಮೊರಿಯ 512 ಬೈಟ್‌ನ ಎಫ್‌ಎಕ್ಸ್‌ಸೇವ್ ಜಾಗಕ್ಕೆ ಇಳಿಸುವುದು, ಹೊಸದರವನ್ನು ತುಂಬುವುದು ಆಗಲೇ. ಮುಟ್ಟದವರಿಗೆ ಖರ್ಚೇ ಇಲ್ಲ. ಉಪಾಯ ಚೆನ್ನಾಗಿದೆ, ಆದರೆ ಅದರ ಕಾಲ ಮುಗಿದಿದೆ. ಟಿಎಸ್ ಸೆಟ್ ಆಗಿದ್ದರೂ ಇಂಟೆಲ್ ಕೋರ್ ಚಿಪ್‌ಗಳು ಊಹೆಯ ಮೇಲೆ ಮುಂದಾಗಿ ಓಡಿಸುವ ಇನ್‌ಸ್ಟ್ರಕ್ಷನ್‌ಗಳಿಗೆ ಪಕ್ಕದ ಪ್ರೋಸೆಸ್‌ನ ರಿಜಿಸ್ಟರ್ ಕಾಣುತ್ತದೆ ಅಂತ 2018ರ ಜೂನ್‌ನಲ್ಲಿ ಬಯಲಾಯಿತು. ಲೇಜಿಎಫ್‌ಪಿ ಎಂಬ ಭದ್ರತಾ ದೋಷ ಅಂದರೆ ಅದೇ. ಲಿನಕ್ಸ್ 2016ರ 4.6 ಆವೃತ್ತಿಯಲ್ಲೇ ಈ ಸೋಮಾರಿತನ ಬಿಟ್ಟಿತ್ತು.

ಇದಕ್ಕೆ ರಿಸ್ಕ್-ವಿ ಎಂಬ ಬೇರೆ ಬಗೆಯ ಸಿಪಿಯು ನೋಡಬೇಕು. ಅದರ ಎಸ್‌ಸ್ಟೇಟಸ್ ರಿಜಿಸ್ಟರ್‌ನಲ್ಲಿ ಎಫ್‌ಎಸ್ ಅಂತ ಎರಡೇ ಬಿಟ್, ನಾಲ್ಕು ಸ್ಥಿತಿ: ಆಫ್, ಇನಿಷಿಯಲ್, ಕ್ಲೀನ್, ಡರ್ಟಿ. ಡರ್ಟಿ (ರಿಜಿಸ್ಟರ್ ಬದಲಾಗಿದೆ) ಆಗಿದ್ದರೆ ಸೇವ್ ಮಾಡು, ಇಲ್ಲದಿದ್ದರೆ ಬಿಡು. ನನ್ನ ಕರ್ನಲ್‌ನ ಮುಂದೆ ಒಗ್ಗಿಸುವುದು ಆ ಸಿಪಿಯುಗೇ. ಎಸ್.ಪಿ. ರೋಡಿನಲ್ಲಿ ಬೋರ್ಡಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಯಾವಾಗ ಕೇಳಿದರೂ "ನಾಳೆ ಬನ್ನಿ ಸಾರ್" ಅಂತಾರೆ, ಆ ನಾಳೆ ಮಾತ್ರ ಬಂದಿಲ್ಲ.

ಸರಿ, ಲೇಜಿ ಕಿತ್ತು ಪ್ರತಿ ಸ್ವಿಚ್‌ಗೂ ಸೇವ್ ಮಾಡಿದೆ. ಚುಕ್ಕೆ ಹೋಗಲಿಲ್ಲ. ಪೈ ಪ್ರೋಸೆಸ್ಸನ್ನೇ ಕೊಂದೆ. ಆಗಲೂ ಚುಕ್ಕೆ! ಎಫ್‌ಪಿಯು ಮುಟ್ಟುವ ಪ್ರೋಸೆಸ್ ಇರುವುದೇ ಒಂದು, ಕದಿಯೋರು ಯಾರು?

ಚಿತ್ರ ಬಿಟ್ಟು ಬೇರೆ ಪ್ರೋಗ್ರಾಂ ಬರೆದೆ. ಎಸ್‌ಎಸ್‌ಇ ಬಳಸುವ ಹದಿನಾರು ಎಕ್ಸ್‌ಎಂಎಂ ರಿಜಿಸ್ಟರ್‌ಗೂ ಒಂದೊಂದು ಗುರುತಿನ ಸಂಖ್ಯೆ ತುಂಬಿ, ಸುಮ್ನೆ ಲೂಪ್‌ನಲ್ಲಿ ಹೋಲಿಸುತ್ತಾ ಕೂರುವುದು. ಫಲಿತಾಂಶ ಸೀರಿಯಲ್ ಪೋರ್ಟಿಗೆ. ಅದೇ ರೋಡಿನ ಯುಎಸ್‌ಬಿ-ಸೀರಿಯಲ್ ಕೇಬಲ್ ನಾಲ್ಕು ಸಾಲು ಕಕ್ಕಿ ಪ್ರಾಣ ಬಿಟ್ಟಿತು. ಒಳಗಿನ ಚಿಪ್ ನಕಲಿ. ಗೆಳೆಯನ ಕೇಬಲ್ ಹಾಕಿದ ಮೇಲೆ ಕಂಡದ್ದು: ಎಕ್ಸ್‌ಎಂಎಂ1ರಿಂದ 15ರವರೆಗೆ ಎಲ್ಲಾ ಭದ್ರ, ಎಕ್ಸ್‌ಎಂಎಂ0 ಮಾತ್ರ ಪೂರ್ತಿ ಸೊನ್ನೆ. ಪ್ರತಿ ಸಲವೂ ಸೊನ್ನೆಯೇ. ಕಸ ಬಂದಿದ್ದರೆ ಹಾರ್ಡ್‌ವೇರ್ ಬೈಯಬಹುದಿತ್ತು. ಇಷ್ಟು ನೀಟಾಗಿ ಒರೆಸಿದ್ದರೆ ಅದು ಕೋಡ್‌ದೇ ಕೆಲಸ.

ಕರ್ನಲ್ ಬೈನರಿಯನ್ನು ಆಬ್ಜ್‌ಡಂಪ್‌ಗೆ (ಇನ್‌ಸ್ಟ್ರಕ್ಷನ್‌ಗಳನ್ನು ಬಿಡಿಸಿ ತೋರಿಸುವ ಟೂಲ್) ಕೊಟ್ಟು ಎಕ್ಸ್‌ಎಂಎಂ ಅಂತ ಹುಡುಕಿದೆ. ಟೈಮರ್ ಹ್ಯಾಂಡ್ಲರ್ (ಗಡಿಯಾರದ ಪ್ರತಿ ಟಿಕ್‌ಗೆ ಓಡುವ ಕೋಡ್) ಒಳಗೇ ಕೂತಿತ್ತು: ಪಿಎಕ್ಸ್‌ಒಆರ್ ಎಕ್ಸ್‌ಎಂಎಂ0, ಎಕ್ಸ್‌ಎಂಎಂ0, ಅಂದರೆ ಎಕ್ಸ್‌ಎಂಎಂ0 ಸೊನ್ನೆ ಮಾಡು. ಅದರ ಕೆಳಗೇ ಆ ಸೊನ್ನೆಯನ್ನು ಮೆಮೊರಿಗೆ ಬರೆಯುವ ಎರಡು ಮೂವಪ್ಸ್. ಸಿ ಭಾಷೆಯ ಮೂಲ ಕೋಡ್‌ನಲ್ಲಿ ಇದ್ದದ್ದು 32 ಬೈಟ್‌ನ ಅಂಕಿಅಂಶದ ಸ್ಟ್ರಕ್ಟ್ ಸೊನ್ನೆ ಮಾಡುವ ಒಂದೇ ಸಾಲು. ಫ್ಲೋಟ್ (ದಶಮಾಂಶ ಸಂಖ್ಯೆ) ಅನ್ನೋ ಪದವೇ ಇಲ್ಲ. ಓ2 ಅಂದ ಕೂಡಲೇ ಜಿಸಿಸಿ ಕಂಪೈಲರ್‌ಗೆ ಉತ್ಸಾಹ ಬಂದು, ಹದಿನಾರು ಹದಿನಾರು ಬೈಟ್ ಒಟ್ಟಿಗೆ ಒರೆಸಿಬಿಡೋಣ ಅಂದಿದೆ. ಹ್ಯಾಂಡ್ಲರ್‌ಗೆ ಮುಂಚೆ ಓಡುವ ಇಂಟರಪ್ಟ್ ಸ್ಟಬ್ ಉಳಿಸುವುದು ಸಾಮಾನ್ಯ ರಿಜಿಸ್ಟರ್‌ಗಳನ್ನು ಮಾತ್ರ ಅಲ್ವಾ? ಬಾಡಿಗೆಯವರ ಡಬ್ಬಿಗೆ ಮನೆ ಓನರೇ ಕೈ ಹಾಕಿದ ಹಾಗೆ. ಆ ಸ್ಟ್ರಕ್ಟ್ ಒರೆಸುವುದು ನೂರು ಟಿಕ್‌ಗೊಮ್ಮೆ, ಅದಕ್ಕೇ ಚುಕ್ಕೆಗಳು ಅಪರೂಪ.

ಮದ್ದು ಕಂಪೈಲರ್‌ಗೆ ಒಂದು ಫ್ಲ್ಯಾಗ್: ಎಂಜನರಲ್-ರೆಗ್ಸ್-ಓನ್ಲಿ, ಅಂದರೆ ಸಾಮಾನ್ಯ ರಿಜಿಸ್ಟರ್ ಮಾತ್ರ ಬಳಸು. ಹಾಕಿದ ಕೂಡಲೇ ಸಿಪಿಯು ಲೋಡ್ ಶೇಕಡಾ ತೋರಿಸುವ ಫಂಕ್ಷನ್ ಕಂಪೈಲ್ ಆಗದೆ ಹಠ ಹಿಡಿಯಿತು, ಅಲ್ಲೊಂದು ಡಬಲ್ (ಅದೂ ದಶಮಾಂಶ ಸಂಖ್ಯೆಯೇ) ಇತ್ತು. ಸಾವಿರದಿಂದ ಗುಣಿಸಿ ಪೂರ್ಣಾಂಕ ಮಾಡಿದೆ. ಲಿನಕ್ಸ್‌ನಲ್ಲಿ ರೇಡ್6 (ಡಿಸ್ಕ್ ರಕ್ಷಣೆ), ಕ್ರಿಪ್ಟೋ (ಗೂಢಲಿಪಿ) ಥರದವರಿಗೆ ಕರ್ನಲ್ ಒಳಗೂ ಎಕ್ಸ್‌ಎಂಎಂನಂಥ ರಿಜಿಸ್ಟರ್‌ಗಳು ಬೇಕು. ಅವರು ಕರ್ನಲ್_ಎಫ್‌ಪಿಯು_ಬಿಗಿನ್ ಕರೆದು, ಎಂಡ್ ಕರೆಯುವವರೆಗೆ ನಿದ್ದೆ ಮಾಡುವಂತಿಲ್ಲ. ನನಗಂತೂ ಅಷ್ಟು ಐಭೋಗ ಬೇಡ.

ಮುಂದಿನದು ಎವಿಎಕ್ಸ್, ಅಂದರೆ ಇನ್ನೂ ಅಗಲದ ರಿಜಿಸ್ಟರ್‌ಗಳು. ಉಳಿಸುವ ಜಾಗ ಹಳೇ 512ಕ್ಕೆ 64 ಬೈಟ್ ಹೆಡರ್, ಮೇಲೆ 256 ಸೇರಿ 832 ಬೈಟ್. ಅವನ್ನು ಉಳಿಸುವ ಎಕ್ಸ್‌ಸೇವ್‌ಗೆ 64 ಬೈಟ್ ಅಲೈನ್‌ಮೆಂಟ್ (64ರಿಂದ ಭಾಗವಾಗುವ ವಿಳಾಸ) ಬೇಕು, ಮೆಮೊರಿ ಹಂಚುವ ನನ್ನ ಅಲೊಕೇಟರ್ ಕೊಡುವುದು 16. ಈ ಶನಿವಾರ ಅದನ್ನು ಬಿಚ್ಚಬೇಕು.