ದಿನಕ್ಕೆ ನಾಲ್ಕು ಬಸ್ಸಿನುದ್ದ

ಬೆಂಗಳೂರಿನಿಂದ ಫೋನ್ ಬಂದರೆ ಒಂದು ಪ್ರಶ್ನೆ ತಪ್ಪಲ್ಲ: "ಮಂಜುಗಡ್ಡೆ ಹರಿಯುತ್ತೆ ಅಂತೀರಲ್ಲ, ನಿಂತು ನೋಡಿದ್ರೆ ಕಾಣುತ್ತಾ?" ಕಾಣಲ್ಲ. ಗ್ರೀನ್‌ಲ್ಯಾಂಡ್‌ನ ಇಲುಲಿಸ್ಸಾತ್ ಪಕ್ಕದ ಯಾಕೊಬ್ಸ್‌ಹಾವ್ನ್ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ 46 ಮೀಟರ್ ಸರಿದಿತ್ತು, ಹೆಚ್ಚುಕಮ್ಮಿ ನಾಲ್ಕು ಬಿಎಂಟಿಸಿ ಬಸ್ಸಿನುದ್ದ. ಆದರೂ ಗಂಟೆಗೆ ಎರಡು ಮೀಟರ್ ಆಗಲಿಲ್ಲ.

ಈ ವೇಗ ಅಳೆಯುವ ಹಳೇ ದಾರಿ ಅಂದರೆ ಮಂಜಿಗೆ ತೂತು ಕೊರೆದು ಅಲ್ಯೂಮಿನಿಯಂ ಕಂಬ ನೆಟ್ಟು, ಮೇಲೆ ಜಿಪಿಎಸ್ ಕೂರಿಸುವುದು. ಇನ್ನೊಂದು ಜಿಪಿಎಸ್ ಹತ್ತಿರದ ಬಂಡೆ ಮೇಲೆ ಇರಬೇಕು; ಅದಕ್ಕೆ ಹೋಲಿಸಿದರೇನೇ ಸೆಂಟಿಮೀಟರ್ ಲೆಕ್ಕ ಸಿಗೋದು. ಹಿಮ ಬೀಳುವ ಕಡೆ ಕಂಬ ಹೂತುಹೋಗುತ್ತೆ, ಕರಗುವ ಕಡೆ ಬುಡ ಸಡಿಲವಾಗಿ ವಾಲುತ್ತೆ. ಚಳಿಗಾಲದಲ್ಲಿ ಸೂರ್ಯನೇ ಇಲ್ಲ, ಸೋಲಾರ್ ಪ್ಯಾನೆಲ್ ದಂಡ.

ಹಾಗಾಗಿ ಇಡೀ ಹಿಮದ ಹಾಸನ್ನು ಅಳೆಯೋದು ಉಪಗ್ರಹದಿಂದ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರಾಡಾರ್ 12 ದಿನದ ಅಂತರದಲ್ಲಿ ತೆಗೆದ ಎರಡು ಚಿತ್ರ ತಗೊಳ್ಳಿ. ಮೊದಲನೆಯದರ ಒಂದು ತುಂಡು ಎರಡನೆಯದರಲ್ಲಿ ಎಲ್ಲಿಗೆ ಸರಿದಿದೆ ಅಂತ ಕಂಪ್ಯೂಟರ್ ಹುಡುಕುತ್ತೆ. ಎಡವೋದು ಇಲ್ಲೇ. ಉಪಗ್ರಹ ಸಾಗುವ ದಿಕ್ಕಿನಲ್ಲಿ ಒಂದು ಪಿಕ್ಸೆಲ್ ಸುಮಾರು 14 ಮೀಟರ್. ದಿನಕ್ಕೆ 46 ಮೀಟರ್ ಆ ದಿಕ್ಕಿಗೇ ಹರಿದರೆ 12 ದಿನಕ್ಕೆ 550 ಮೀಟರ್, ಹತ್ತಿರ ಹತ್ತಿರ 40 ಪಿಕ್ಸೆಲ್. ಹುಡುಕಾಟದ ವ್ಯಾಪ್ತಿ 20 ಪಿಕ್ಸೆಲ್‌ಗೇ ನಿಲ್ಲಿಸಿದ್ದರೆ ಸರಿಯಾದ ಜಾಗ ಅದರೊಳಗೆ ಇರೋದೇ ಇಲ್ಲ. ಆದರೂ ಸಾಫ್ಟ್‌ವೇರ್ ಸುಮ್ಮನಿರದೆ ಯಾವುದೋ ಒಂದು ಉತ್ತರ ಕೊಡುತ್ತೆ. ನೋಡೋಕೆ ಅದು ನಿಜದ ಹಾಗೇ ಇರುತ್ತೆ, ಅದೇ ಅಪಾಯ. ಬಂಡೆ ಇರುವ ಕಡೆ ವೇಗ ಸೊನ್ನೆ ಬಂತಾ ಅಂತಲೂ ಮೊದಲು ನೋಡಬೇಕು. ಬರದಿದ್ದರೆ ಎರಡು ಚಿತ್ರ ಸರಿಯಾಗಿ ಕೂತಿಲ್ಲ.

ಒಳನಾಡಿನ ಮಂಜು ವರ್ಷಕ್ಕೆ ಕೆಲವೇ ಮೀಟರ್ ಸರಿಯುತ್ತೆ. ಪಿಕ್ಸೆಲ್‌ನ ಹತ್ತನೇ ಒಂದು ಭಾಗ ತಪ್ಪಿದರೂ ವರ್ಷಕ್ಕೆ 40 ಮೀಟರ್ ತಪ್ಪು, ಅಳತೆಯೇ ಮುಳುಗಿಹೋಗುತ್ತೆ. ಅಲ್ಲಿ ಎರಡು ಸಲ ವಾಪಸ್ ಬಂದ ರಾಡಾರ್ ಅಲೆಯ ಹಂತದ (ಏರಿಳಿತದಲ್ಲಿ ಅದು ಎಲ್ಲಿದೆ ಅನ್ನುವುದರ) ವ್ಯತ್ಯಾಸ ನೋಡುವ ಇನ್ಸಾರ್ ವಿಧಾನ ಬೇಕು. ತೇಲುವ ಮಂಜಿನ ಮೇಲೆ ಮಾತ್ರ ಅದನ್ನು ಹಾಗೇ ನಂಬಬೇಡಿ: ರಾಡಾರ್ ಓರೆಯಾಗಿ ನೋಡುವುದರಿಂದ ಉಬ್ಬರವಿಳಿತಕ್ಕೆ ಮೇಲೆ ಕೆಳಗೆ ಆಡಿದ್ದೂ ಹರಿವಿನ ಹಾಗೇ ಕಾಣುತ್ತೆ.

ಬೆಂಗಳೂರಿನಲ್ಲೇ ಜೋಡಿಸಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ, ಇಸ್ರೋ ಮತ್ತು ನಾಸಾ ಸೇರಿ ಮಾಡಿದ ರಾಡಾರ್ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ಅಲೆಯ ಉದ್ದ 24 ಸೆಂಟಿಮೀಟರ್. ಸೆಂಟಿನೆಲ್‌ನ ಐದೂವರೆಗಿಂತ ಉದ್ದವಾದ್ದರಿಂದ ಹೊಸ ಹಿಮ ಬಿದ್ದರೂ ಹೋಲಿಕೆ ಅಷ್ಟು ಬೇಗ ಕೆಡಲ್ಲ. ಆದರೆ ಅಯಾನುಗೋಳ, ಅಂದರೆ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ, ಆ ಅಲೆಯನ್ನು ಹೆಚ್ಚು ಕಾಡುತ್ತೆ. ಅಂಟಾರ್ಕ್ಟಿಕಾ ಚೆನ್ನಾಗಿ ಸಿಗಲಿ ಅಂತ ನಿಸಾರ್ ತಾನು ಸಾಗುವ ದಾರಿಯ ಎಡಕ್ಕೇ ನೋಡುತ್ತೆ. ಗ್ರೀನ್‌ಲ್ಯಾಂಡ್‌ನ ಉತ್ತರ ತುದಿ ತಪ್ಪಿಹೋಗುವುದರಿಂದ ಆ ಭಾಗಕ್ಕೆ ಈಗಲೂ ಸೆಂಟಿನೆಲ್‌ನಂಥ ಬೇರೆ ಉಪಗ್ರಹಗಳ ಚಿತ್ರಗಳೇ ಗತಿ.