ಮೈಲುತುತ್ತು ನೀಲಿ, ಸುಣ್ಣ ಬಿಳಿ

ಆಟಿ ತಿಂಗಳಲ್ಲಿ ಎರಡು ದಿನ ಬಿಸಿಲು ಕಂಡರೆ ನಮ್ಮ ಪೆರ್ಲ ಕಡೆಯ ಅಡಿಕೆ ತೋಟಗಳಲ್ಲಿ ಬೇರೆ ಕೆಲಸವಿಲ್ಲ, ಮದ್ದು ಬಿಡುವುದೊಂದೇ. ಈ ಸಲ ಎರಡನೆಯ ಸುತ್ತಿಗೆ ಉದ್ದ ಕೋಲಿನಿಂದ ಮದ್ದು ಸಿಂಪಡಿಸುವ ದೋಟಿಯವರು ಬಂದ ದಿನ ಅಣ್ಣನ ಮಗಳೂ ಇದ್ದಳು. ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ಡ್ರಮ್ಮಿನ ಪಕ್ಕ ಕುಳಿತು, ಸಂಕ್ರಮಣ ಲೋಹಗಳ ಗುಣಗಳನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಿದ್ದಳು. ಸಂಕ್ರಮಣ ಎಂದರೆ ಏನೆಂದು ಕೇಳಿದೆ. “ಕರ್ಕಾಟಕ ಸಂಕ್ರಮಣ ಕಳೆಯಿತಲ್ಲ” ಎಂದು ನಕ್ಕಳು. ಉತ್ತರ ತಪ್ಪೇನಲ್ಲ. ಸೂರ್ಯ ರಾಶಿ ದಾಟುವ ಹಾಗೆ, ಆವರ್ತ ಕೋಷ್ಟಕದ ಎಡದಂಡೆಯಿಂದ ಬಲದಂಡೆಗೆ ದಾಟುವಾಗ ನಡುವೆ ಸಿಗುವ ಲೋಹಗಳು ಅವು.

ಬಿ.ಎಸ್ಸಿ. ರಸಾಯನಶಾಸ್ತ್ರ ಓದಿ ಮೂವತ್ತು ವರ್ಷ ಅಡಿಕೆ ಒಣಗಿಸಿದವನು ನಾನು. ಪುಸ್ತಕ ಮುಚ್ಚಿಸಿದೆ.

ಒಂದು ಕಿಲೋ ಮೈಲುತುತ್ತು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಚಿಪ್ಪಿನ ಸುಣ್ಣ ಇನ್ನೊಂದು ಐವತ್ತರಲ್ಲಿ. ಎರಡನ್ನೂ ಸೇರಿಸಿದರೆ ಶೇಕಡಾ 1ರ ಬೋರ್ಡೋ ದ್ರಾವಣ. 1880ರ ದಶಕದಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ದ್ರಾಕ್ಷಿಗೆಂದು ಹೊಂದಿಸಿದ ಮದ್ದು ಇಂದು ನಮ್ಮ ಕೊಳೆರೋಗಕ್ಕೆ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಅದರಲ್ಲಿ ತಾಮ್ರ, ಸುಣ್ಣದಲ್ಲಿ ಕ್ಯಾಲ್ಸಿಯಂ. ಎರಡೂ ಎರಡೆರಡು ಎಲೆಕ್ಟ್ರಾನ್ ಕಳೆದುಕೊಂಡು ಕುಳಿತಿವೆ. ಹಾಗಿದ್ದರೆ ಒಂದು ನೀಲಿ, ಇನ್ನೊಂದು ಬಿಳಿ ಏಕೆ?

ಕ್ಯಾಲ್ಸಿಯಂ ಹೊರಗಿನ ಎರಡನ್ನು ಕೊಟ್ಟ ಮೇಲೆ ಉಳಿಯುವುದು ಭರ್ತಿಯಾದ ಕವಚ. ಸಣ್ಣ ಜಿಗಿತಕ್ಕೂ ಅಲ್ಲಿ ಜಾಗವಿಲ್ಲ, ಕಣ್ಣಿಗೆ ಕಾಣುವ ಬೆಳಕನ್ನು ಅದು ಮುಟ್ಟುವುದಿಲ್ಲ. ತಾಮ್ರದ ಡಿ ಕಕ್ಷಕಗಳಲ್ಲಿ, ಅಂದರೆ ಎಲೆಕ್ಟ್ರಾನುಗಳು ಕೂರುವ ಒಂದು ಬಗೆಯ ಕೋಣೆಗಳಲ್ಲಿ, ಹತ್ತು ಎಲೆಕ್ಟ್ರಾನುಗಳಿಗೆ ಜಾಗವಿದ್ದರೂ ಈಗ ಇರುವುದು ಒಂಬತ್ತು. ಸುತ್ತ ನೀರಿನ ಅಣುಗಳು ಮುತ್ತಿಕೊಂಡಾಗ ಆ ಕಕ್ಷಕಗಳಲ್ಲಿ ಮೇಲು ಕೀಳು ಹುಟ್ಟುತ್ತದೆ. ಕೆಳಗಿನ ಎಲೆಕ್ಟ್ರಾನು ಕೆಂಪು ಬೆಳಕನ್ನು ನುಂಗಿ ಮೇಲಿನ ಖಾಲಿ ಜಾಗಕ್ಕೆ ಹಾರುತ್ತದೆ. ನಮಗೆ ಉಳಿಯುವುದು ನೀಲಿ.

ಅವಳು ನಂಬಲಿಲ್ಲ. ಒಡೆದ ಹಂಚಿನ ಮೇಲೆ ನಾಲ್ಕು ಹರಳಿಟ್ಟು ಬಚ್ಚಲೊಲೆಯ ಕೆಂಡಕ್ಕೆ ಹಿಡಿದೆ. ಚಟಪಟ ಎಂದು ಅಂಚಿನಿಂದ ನೀಲಿ ಬಸಿದುಹೋಗಿ ಹರಳು ಬೂದಿಯಂಥ ಬಿಳಿ ಪುಡಿಯಾಯಿತು. ತಾಮ್ರ ಅದೇ, ಎಲೆಕ್ಟ್ರಾನುಗಳೂ ಅವೇ, ಹೋದದ್ದು ನೀರು. ಆರಿದ ಮೇಲೆ ಮಾಡಿನ ಅಂಚಿಗೆ ಒಡ್ಡಿದೆವು. ಒಂದು ಹನಿ ಬಿತ್ತು, ಬಿದ್ದಷ್ಟು ಜಾಗ ನೀಲಿಯಾಯಿತು. ಇನ್ನೊಂದು ಹನಿಗೆ ಅವಳೇ ಹಂಚನ್ನು ಸರಿಸಿದಳು.

ಮತ್ತೆ ಕೊಟ್ಟಿಗೆಯ ಹಲಗೆಯತ್ತ ಬೆರಳು ತೋರಿಸಿದಳು: “ಸತುವಿನ ಸಲ್ಫೇಟ್ ಬಿಳಿ ಇದೆಯಲ್ಲ?” ಈ ಪ್ರಶ್ನೆಗೆ ಕಾಯುತ್ತಿದ್ದೆ. ಪಕ್ಕದ ಚೀಲದ ಕಬ್ಬಿಣದ ಸಲ್ಫೇಟ್ ತಿಳಿಹಸಿರು, ಮ್ಯಾಂಗನೀಸಿನದು ಮಾಸಲು ಗುಲಾಬಿ. ಸತು ಮಾತ್ರ ಮೆಗ್ನೀಸಿಯಂ ಸಲ್ಫೇಟಿನ ಹಾಗೆ ಬಿಳಿ. ಕೋಷ್ಟಕದಲ್ಲಿ ಡಿ ವಿಭಾಗದಲ್ಲೇ ಇದ್ದರೂ ಸತುವಿನ ಹತ್ತೂ ಜಾಗ ಭರ್ತಿ, ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾದಾಗಲೂ ಭರ್ತಿ. ಆದ್ದರಿಂದ ಅದನ್ನು ಸಂಕ್ರಮಣ ಲೋಹಗಳಿಗೆ ಸೇರಿಸುವುದಿಲ್ಲ. ಗಟ್ಟಿತನದಲ್ಲೂ ಅಷ್ಟೇ: ಕಬ್ಬಿಣ ಕರಗಲು 1538 ಡಿಗ್ರಿ, ಟಂಗ್‌ಸ್ಟನ್‌ಗೆ 3422 ಬೇಕು, ಸತು 420ಕ್ಕೇ ಶರಣು. ಅದರ ಕುಟುಂಬದ ಪಾದರಸಕ್ಕೆ ಬೆಂಕಿಯೇ ಬೇಡ. ಸೋಡಿಯಂ ಅಂತೂ 98ಕ್ಕೆ ಕರಗುತ್ತದೆ, ಚಾಕುವಿಗೆ ಬೆಣ್ಣೆಯಂತೆ ಸಿಗುತ್ತದೆ.

ಸಂಕ್ರಮಣ ಲೋಹಕ್ಕೆ ಹಲವು ಉತ್ಕರ್ಷಣ ಸ್ಥಿತಿ, ಅಂದರೆ ಒಂದೇ ಲೋಹ ಬೇರೆ ಬೇರೆ ಸಂಖ್ಯೆಯ ಎಲೆಕ್ಟ್ರಾನ್ ಬಿಡುತ್ತದೆ ಎಂಬ ಪುಸ್ತಕದ ಮಾತಿಗೆ ನಮ್ಮ ಕೊಳವೆಬಾವಿ ಸಾಕು. ಬಕೆಟಿಗೆ ಬೀಳುವಾಗ ನೀರು ತಿಳಿ. ಸಂಜೆಗೆ ಕೆಂಚುಗಟ್ಟಿ ತಳದಲ್ಲಿ ತುಕ್ಕಿನ ಕೆಸರು. ನೆಲದಡಿಯಲ್ಲಿ ಎರಡು ಎಲೆಕ್ಟ್ರಾನ್ ಬಿಟ್ಟಿದ್ದ ಕಬ್ಬಿಣ ಗಾಳಿ ತಾಗಿದೊಡನೆ ಮೂರನೆಯದನ್ನೂ ಬಿಡುತ್ತದೆ. ಕ್ಯಾಲ್ಸಿಯಂಗೆ ಎರಡೆಂದರೆ ಎರಡೇ. ಮನೆಯ ಗೋಡೆಯ ಮುರಕಲ್ಲಿನಲ್ಲಿ ಅಲ್ಯೂಮಿನಿಯಂ ಕೂಡ ಧಾರಾಳವಾಗಿದೆ, ಆದರೆ ಅದರ ಆಕ್ಸೈಡಿಗೆ ಬಣ್ಣವಿಲ್ಲ. ಆ ಕೆಂಪೆಲ್ಲ ಕಬ್ಬಿಣದ್ದು.

ದ್ರಾವಣ ಸಿದ್ಧವಾಗಿತ್ತು. ಸುಣ್ಣ ಸಾಕಾಗಿದೆಯೇ ಎಂದು ನೋಡಲು ಉಜ್ಜಿದ ಕಬ್ಬಿಣದ ಕತ್ತಿ ಅದ್ದುವುದು ನಮ್ಮ ಕ್ರಮ. ಎತ್ತಿದಾಗ ಅಲಗಿನ ಮೇಲೆ ತೆಳುವಾದ ಕೆಂಪು. ಕಬ್ಬಿಣ ಎಲೆಕ್ಟ್ರಾನ್ ಕೊಟ್ಟಿತ್ತು, ತಾಮ್ರ ಲೋಹವಾಗಿ ಅಂಟಿತ್ತು. ಅಂದರೆ ಬಿಡಿ ತಾಮ್ರ ಇನ್ನೂ ಉಳಿದಿದೆ, ಹೀಗೇ ಬಿಟ್ಟರೆ ಎಳೆಕಾಯಿ ಸುಟ್ಟುಹೋಗುತ್ತದೆ. ಹಿಂದೊಮ್ಮೆ ನಾನು ಈ ಮದ್ದನ್ನು ಕಬ್ಬಿಣದ ಬಕೆಟಿನಲ್ಲಿ ಕಲಸಿ, ಬಕೆಟು ತೂತಾಗಿ, ಅಪ್ಪನಿಂದ ಬೈಸಿಕೊಂಡಿದ್ದೇನೆ. ಅದನ್ನು ಅವಳಿಗೆ ಹೇಳಲಿಲ್ಲ.

ಎರಡು ಹಿಡಿ ಸುಣ್ಣ ಕದಡಿ ಹಾಕಿ, ಕತ್ತಿ ಉಜ್ಜಿ ಮತ್ತೆ ಅದ್ದಿದಳು. ಅಲಗು ಬೆಳ್ಳಗೇ ಬಂತು. “ಬಿಡಬಹುದು” ಎಂದು ದೋಟಿಯವರಿಗೆ ಅವಳೇ ಕೂಗಿ ಹೇಳಿದಳು.